ನಾಗರಿಕ ಪ್ರಜ್ಞೆ ಮತ್ತು ರಾಷ್ಟ್ರದ ಪ್ರಗತಿ: ಹಂಪಿ, ಸಂಡೂರಿನ ನಿದರ್ಶನಗಳು

ಮೂಲಭೂತ ಕರ್ತವ್ಯಗಳು: ಸಂವಿಧಾನದ ಭಾಗ 4ಎ, ವಿಧಿ 51ಎ. ಸ್ವರ್ಣಸಿಂಗ್ ಸಮಿತಿಯ ಶಿಫಾರಸಿನ ಮೇಲೆ 1976ರ 42ನೇ ತಿದ್ದುಪಡಿ ಸೇರಿಸಿದ್ದು 10. 2002ರ 86ನೇ ತಿದ್ದುಪಡಿಯಿಂದ ಒಟ್ಟು 11.

ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲೂ ಇತ್ತು. ಅಲ್ಲಿನ ಕಂಬ ಉರುಳಿಸುವ ವಿಡಿಯೊ 2019ರ ಫೆಬ್ರುವರಿಯಲ್ಲಿ ಹರಿದಾಡಿದಾಗ ನಾಡೇ ನೊಂದಿತು. ಹೊಸಪೇಟೆ ನ್ಯಾಯಾಲಯ ನಾಲ್ವರು ಯುವಕರಿಗೆ ತಲಾ 70,000 ರೂ. ದಂಡ ಹಾಕಿತು, ಅವರಿಂದಲೇ ಕಂಬ ನಿಲ್ಲಿಸಿತು. ಪರಂಪರೆಯ ರಕ್ಷಣೆ 51ಎ(ಎಫ್), ಸಾರ್ವಜನಿಕ ಆಸ್ತಿಯ ರಕ್ಷಣೆ 51ಎ(ಐ).

ಸಂಡೂರಿನ ಪಾಠ ಇದಕ್ಕಿಂತ ದೊಡ್ಡದು. ಅಕ್ರಮ ಗಣಿಗಾರಿಕೆ ಕಾಡು, ರಸ್ತೆ, ಹೊಲಗಳನ್ನು ಕೆಂಪು ಧೂಳಿನಲ್ಲಿ ಮುಳುಗಿಸಿದ್ದಾಗ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ 2009ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಲೋಕಾಯುಕ್ತ ಸಂತೋಷ್ ಹೆಗ್ಡೆ 2011ರ ಜುಲೈ 27ರಂದು ವರದಿ ಕೊಟ್ಟರು; ಜುಲೈ 29ರಂದು ಕೋರ್ಟ್‌ನಿಂದ ಬಳ್ಳಾರಿಯ ಗಣಿಗಾರಿಕೆಗೆ ತಡೆ ಬಿತ್ತು. 2013ರ ಏಪ್ರಿಲ್ 18ರ ತೀರ್ಪು ಗಂಭೀರ ಉಲ್ಲಂಘನೆಯ ‘ಸಿ’ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿತು. ಅದಿರಿನ ಹಣ ಹರಿದರೂ ಕಾನೂನಿನ ಗೌರವ ಇಲ್ಲದ ಕಡೆ ಅದು ಪ್ರಗತಿಯಾಗಲಿಲ್ಲ. ದಾರಿ ತಿರುಗಿಸಿದ್ದು ಜನರ ಹಟ. ಪರಿಸರ ಸಂರಕ್ಷಣೆ 51ಎ(ಜಿ).

ನೆನಪಿಡಿ: ಕರ್ತವ್ಯಗಳು ನೇರವಾಗಿ ನ್ಯಾಯಾಲಯದಿಂದ ಜಾರಿಯಾಗುವಂಥವಲ್ಲ, ಪ್ರತ್ಯೇಕ ಕಾಯ್ದೆ ಬೇಕು.

ಮೆಟ್ರಿ, ಕಂಪ್ಲಿ ಭಾಗದ ಅಭ್ಯರ್ಥಿಗಳೇ, ಪ್ರಬಂಧ ಪತ್ರಿಕೆಯಲ್ಲಿ ದೂರದ ದೇಶಗಳ ಉದಾಹರಣೆಗೂ ಮೊದಲು ಇವೆರಡನ್ನು ಇಸವಿ ಸಹಿತ ಬರೆಯಿರಿ.