ಶೀತಕ್ಕೆ ಆ್ಯಂಟಿಬಯಾಟಿಕ್, ಹೊಟ್ಟೆಗೆ ಪ್ರೋಬಯಾಟಿಕ್?

ಪ್ರಶ್ನೆ: ಡಾಕ್ಟರೇ, ಮಗನಿಗೆ ಆರು ವರ್ಷ. ಶೀತ, ಕೆಮ್ಮು ಬಂದಾಗೆಲ್ಲ ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ಆ್ಯಂಟಿಬಯಾಟಿಕ್ ಸಿರಪ್ ತಂದು ಹಾಕುತ್ತಿದ್ದೆವು. ಈ ಸಲ ಭೇದಿ ಹತ್ತಿಕೊಂಡಿತು. ಈಗ ನಿಂತಿದೆ, ಊಟ ಮಾತ್ರ ಸೇರುತ್ತಿಲ್ಲ. ರೋಗನಿರೋಧಕ ಶಕ್ತಿಗೆ ಪ್ರೋಬಯಾಟಿಕ್ ಕೊಡಿ ಅಂತಾರೆ ಪಕ್ಕದ ಮನೆಯವರು. ಮೊಸರು ಮುಟ್ಟಿಸಬೇಡ ಅಂತಾರೆ ಅತ್ತೆ. ಏನು ಮಾಡಲಿ?
– ಒಬ್ಬ ತಾಯಿ, ಚಾಮರಾಜಪೇಟೆ

ಉತ್ತರ: ಮೊದಲು ಆ ಹಳೇ ಚೀಟಿ ಹರಿದುಹಾಕಿಬಿಡಿ, ತಾಯಿ. ಸಾಮಾನ್ಯ ಶೀತ ಬರುವುದು ವೈರಸ್‌ನಿಂದ. ಆ್ಯಂಟಿಬಯಾಟಿಕ್ ವೈರಸ್ಸನ್ನು ಏನೂ ಮಾಡದು. ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಮಾತ್ರ ಕೊಲ್ಲುತ್ತದೆ. ಭೇದಿಯಾಗಿದ್ದು ಬಹುಶಃ ಅದರಿಂದಲೇ.

ನಮಗೆ ಅರಗದ ನಾರಿನಂಶವನ್ನು ಈ ಬ್ಯಾಕ್ಟೀರಿಯಾಗಳು ಹುದುಗಿಸಿ ಬ್ಯುಟಿರೇಟ್ ಎಂಬ ಆಮ್ಲ ತಯಾರಿಸುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಮುಖ್ಯ ಆಹಾರ. ದೇಹದ ರೋಗನಿರೋಧಕ ಕೋಶಗಳಲ್ಲಿ ದೊಡ್ಡ ಪಾಲು ಇರುವುದೂ ಕರುಳಿನ ಗೋಡೆಯಲ್ಲೇ. ಯಾರ ಮೇಲೆ ಬೀಳಬೇಕು, ಯಾರನ್ನು ಬಿಡಬೇಕು ಎಂಬುದನ್ನು ಅವು ಚಿಕ್ಕಂದಿನಲ್ಲಿ ಕಲಿಯುವುದು ಈ ಬ್ಯಾಕ್ಟೀರಿಯಾಗಳ ಸಹವಾಸದಿಂದ. ಅದಕ್ಕೇ ಪದೇ ಪದೇ ಸಿರಪ್ ಹಾಕಬೇಡಿ ಎನ್ನುವುದು.

ಪ್ರೋಬಯಾಟಿಕ್ ಎಂದರೆ ಇಂಥ ಒಳ್ಳೆಯ ಸೂಕ್ಷ್ಮಜೀವಿಗಳನ್ನೇ ಜೀವಂತವಾಗಿ ಕೊಡುವುದು. ಕೆಲವು ಪ್ರೋಬಯಾಟಿಕ್‌ಗಳನ್ನು ಆ್ಯಂಟಿಬಯಾಟಿಕ್ ಜೊತೆಗೇ ಕೊಟ್ಟರೆ ಭೇದಿ ತಗ್ಗುವುದುಂಟು. ನಿಮ್ಮ ಮಗನಿಗೆ ಈಗ ಅದು ಬೇಕಿಲ್ಲ. 2018ರಲ್ಲಿ ಇಸ್ರೇಲಿನ ವೈಝ್‌ಮನ್ ಸಂಸ್ಥೆಯವರು ವಯಸ್ಕರಲ್ಲಿ ಪರೀಕ್ಷಿಸಿದಾಗ, ಆ್ಯಂಟಿಬಯಾಟಿಕ್ ಮುಗಿದ ಮೇಲೆ ಪ್ರೋಬಯಾಟಿಕ್ ತೆಗೆದುಕೊಂಡವರ ಸ್ವಂತ ಬ್ಯಾಕ್ಟೀರಿಯಾಗಳು, ಏನೂ ತೆಗೆದುಕೊಳ್ಳದವರಿಗಿಂತ ನಿಧಾನವಾಗಿ ಮರಳಿದವು.

ಮೊಸರು ಧಾರಾಳವಾಗಿ ಕೊಡಿ, ಅತ್ತೆಯವರಿಗೂ ಸಮಾಧಾನವಾಗಿ ಹೇಳಿ: ಮೊಸರಿನಿಂದ ಶೀತ ಬರುವುದಿಲ್ಲ. ಫ್ರಿಜ್ಜಿನಿಂದ ತೆಗೆದು ತಣುಪು ಆರಿದ ಮೇಲೆ ಅನ್ನಕ್ಕೆ ಕಲಸಿದರಾಯಿತು. ಇಡ್ಲಿ ಹಿಟ್ಟನ್ನು ಉಬ್ಬಿಸುವುದೂ ಬ್ಯಾಕ್ಟೀರಿಯಾಗಳೇ, ಆದರೆ ಹಬೆಯಲ್ಲಿ ಸತ್ತುಹೋಗುತ್ತವೆ. ಇಡ್ಲಿ ಸುಲಭವಾಗಿ ಅರಗುತ್ತದೆ, ಸರಿ. ಜೀವಂತ ಬ್ಯಾಕ್ಟೀರಿಯಾ ಬೇಕಿದ್ದರೆ ಮೊಸರು ಇಲ್ಲವೇ ಕುದಿಸದ ಮಜ್ಜಿಗೆಯೇ ಆಗಬೇಕು.

ಮೊಸರಿನ ಬ್ಯಾಕ್ಟೀರಿಯಾಗಳು ಹೊಟ್ಟೆಯಲ್ಲಿ ನೆಲೆಯೂರುವುದಿಲ್ಲ, ಬಂದು ಹೋಗುತ್ತವೆ. ಅಲ್ಲೇ ಇರುವವಕ್ಕೆ ಬೇಕಾದ ನಾರು ಗಾಂಧಿಬಜಾರಿನ ತರಕಾರಿ ಬುಟ್ಟಿಗಳಲ್ಲಿದೆ: ಸೊಪ್ಪು, ಹುರುಳಿಕಾಯಿ, ಬಾಳೆದಿಂಡು, ಚಳಿಗಾಲದಲ್ಲಿ ಅವರೆಕಾಯಿ. ಮೊದಲ ಕೆಲವು ದಿನ ಮೊಸರನ್ನ, ತೊವ್ವೆ, ಬಾಳೆಹಣ್ಣು ಸಾಕು. ಆಮೇಲೆ ರಾಗಿ ಅಂಬಲಿ, ಒಂದೊಂದು ಚಮಚ ಪಲ್ಯ; ಕಾಳನ್ನು ಒಮ್ಮೆಲೇ ಹಾಕಿದರೆ ಹೊಟ್ಟೆ ಉಬ್ಬರಿಸುತ್ತದೆ.

ಮತ್ತೆ ಭೇದಿಯಾಗಿ ಮಲದಲ್ಲಿ ರಕ್ತ ಕಂಡರೆ, ಮೂತ್ರ ಕಡಿಮೆಯಾದರೆ, ಮಗು ಮಂಕಾದರೆ, ಅಥವಾ ತೂಕ ಇಳಿಯುತ್ತಿದ್ದರೆ ತಡಮಾಡಬೇಡಿ. ವಾಣಿವಿಲಾಸ ಆಸ್ಪತ್ರೆಯ ಮಕ್ಕಳ ವಿಭಾಗ ನಿಮಗೆ ಹತ್ತಿರವೇ ಇದೆ. ಅಲ್ಲಿನ ವೈದ್ಯರು ನೋಡಿ ಆ್ಯಂಟಿಬಯಾಟಿಕ್ ಬೇಕೇ ಬೇಕು ಅಂದರೆ ಹೆದರದೆ ಕೊಡಿ, ಹೇಳಿದಷ್ಟು ದಿನ ಪೂರ್ತಿ ಕೊಡಿ.