ಗೋದಾಮಿನ ಕೆಲಸ: ಸಹಿ ಹಾಕುವ ಮೊದಲು ತಿಳಿದಿರಬೇಕಾದದ್ದು



ಓದು ಮುಗಿಸಿದ ನಮ್ಮಲ್ಲಿ ಅನೇಕರಿಗೆ ಮೊದಲು ಸಿಗುವುದು ಗೋದಾಮಿನ ಕೆಲಸ. ಸಾಮಾನು ಇಳಿಸಬೇಕು, ವಿಂಗಡಿಸಬೇಕು, ಪ್ಯಾಕ್ ಮಾಡಬೇಕು. ದಿನವಿಡೀ ನಿಂತೇ ದುಡಿದು, ಹೆಚ್ಚು ಹೊತ್ತಿನ ಕೂಲಿ ಕೇಳಿದರೆ "ಒಪ್ಪಿಯೇ ಸೇರಿದ್ದಲ್ಲವೇ?" ಎಂಬ ಮಾತು ಕೇಳಬೇಕಾಗುತ್ತದೆ. ಈ ಮಾತು ಸರಿಯೇ? ಈ ತಿಂಗಳ ಅಧ್ಯಯನ ಇದರ ಕುರಿತು.

2024ರ ಮೇ ತಿಂಗಳಲ್ಲಿ ಹರಿಯಾಣದ ಮಾನೇಸರ್‌ನ ಅಮೆಜಾನ್ ಗೋದಾಮಿನಲ್ಲಿ, ಗುರಿ ಮುಟ್ಟುವವರೆಗೆ ನೀರಿಗೂ ಶೌಚಾಲಯಕ್ಕೂ ಹೋಗುವುದಿಲ್ಲವೆಂದು ಕೆಲಸಗಾರರಿಂದ ಪ್ರತಿಜ್ಞೆ ಮಾಡಿಸಿದರೆಂದು ಪತ್ರಿಕೆಗಳು ವರದಿ ಮಾಡಿದವು. ಜೂನ್‌ನಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ನೋಟಿಸ್ ನೀಡಿತು. ನಮ್ಮ ರಾಜ್ಯದಲ್ಲಿ ಕಲ್ಲಿಕೋಟೆಯ ಜವಳಿ ಅಂಗಡಿಗಳ ಮಹಿಳೆಯರು ಪಿ. ವಿಜಿ ಅವರ 'ಪೆಣ್‌ಕೂಟ್ಟು' ಸಂಘಟನೆಯ ಮೂಲಕ ವರ್ಷಗಟ್ಟಲೆ ಹೋರಾಡಿದರು. ಅದರ ಫಲವಾಗಿ 2018ರಲ್ಲಿ ಕಾನೂನು ತಿದ್ದುಪಡಿಯಾಗಿ, ಕೆಲಸದ ನಡುವೆ ಕುಳಿತುಕೊಳ್ಳುವುದು ಹಕ್ಕಾಯಿತು.

ಆ ಕಾನೂನು 1960ರ ಕೇರಳ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ವ್ಯಾಪಾರಕ್ಕೆ ಬಳಸುವ ಗೋದಾಮೂ ಅದರಲ್ಲಿ ಸೇರುತ್ತದೆ. ಅದರ ಮುಖ್ಯಾಂಶಗಳು:

1. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ.
2. ಸತತ 4 ಗಂಟೆ ದುಡಿದ ಮೇಲೆ ಒಂದು ಗಂಟೆ ವಿರಾಮ.
3. ವಾರಕ್ಕೆ ಒಂದು ದಿನ ರಜೆ.
4. ಹೆಚ್ಚುವರಿ ಗಂಟೆಗೆ ಎರಡು ಪಟ್ಟು ಸಂಬಳ.

ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ 26 ದಿನದ ಸಂಬಳ 15,600 ರೂಪಾಯಿ ಎಂದಾದರೆ ದಿನಕ್ಕೆ 600, ಗಂಟೆಗೆ 75. ತಿಂಗಳಲ್ಲಿ 10 ಗಂಟೆ ಹೆಚ್ಚು ದುಡಿದರೆ 150ರಂತೆ 1,500 ರೂಪಾಯಿ ಬರಬೇಕು. ಒಬ್ಬನಿಗೆ ಅದು ಸಣ್ಣ ಮೊತ್ತ. 40 ಮಂದಿಯಿಂದ ತಿಂಗಳಿಗೆ 60,000 ಉಳಿಸಿಕೊಳ್ಳುವ ಮಾಲೀಕನಿಗೆ ಸಣ್ಣದಲ್ಲ.

ಗೋದಾಮು ಮಂಗಳೂರಿನಲ್ಲಿದ್ದರೆ ಕರ್ನಾಟಕದ 1961ರ ಕಾಯ್ದೆ ಅನ್ವಯಿಸುತ್ತದೆ. ಅಲ್ಲಿ ದಿನದ ಮಿತಿ 9 ಗಂಟೆ. ಹೆಚ್ಚುವರಿ ಹೊತ್ತಿಗೆ ಎರಡು ಪಟ್ಟು ಅಲ್ಲಿಯೂ ಇದೆ.

"ಒಪ್ಪಿಯೇ ಸೇರಿದ್ದಲ್ಲವೇ" ಎಂಬ ಮಾತಿಗೆ ಪೋಪ್ ಹದಿಮೂರನೆಯ ಲಿಯೋ 1891ರಲ್ಲೇ 'ರೇರುಮ್ ನೊವಾರುಮ್' ವಿಶ್ವಪತ್ರದಲ್ಲಿ ಉತ್ತರಿಸಿದ್ದಾರೆ: ಬೇರೆ ದಾರಿಯಿಲ್ಲದೆ ಕಾರ್ಮಿಕನು ಒಪ್ಪಿದ ಮಾತ್ರಕ್ಕೆ, ಬದುಕಲು ಸಾಲದ ಕೂಲಿ ನ್ಯಾಯವಾಗುವುದಿಲ್ಲ. ಆದ್ದರಿಂದ ಹಕ್ಕು ಕೇಳುವುದು ಅಹಂಕಾರವಲ್ಲ.

ಮಾಡಬೇಕಾದದ್ದು ಇಷ್ಟು. ನೇಮಕಾತಿ ಪತ್ರ ಕೇಳಿ ಪಡೆಯಿರಿ. ದಿನವೂ ಒಳಹೋದ, ಹೊರಬಂದ ಹೊತ್ತನ್ನು ಬರೆದಿಡಿ. ಪಿ.ಎಫ್. ಹಿಡಿದಿದ್ದರೆ ಅದು ಖಾತೆಗೆ ಜಮೆಯಾಗಿದೆಯೇ ನೋಡಿ. ಮೊದಲು ಜತೆಗಾರರೊಂದಿಗೆ ಮಾತಾಡಿ. ಒಬ್ಬರೇ ಕೇಳಿದರೆ ಹೊರಹಾಕುವುದು ಸುಲಭ. ಆಮೇಲೂ ಸರಿಯಾಗದಿದ್ದರೆ ಕಾರ್ಮಿಕ ಇಲಾಖೆಯ ಕಚೇರಿಗೆ ದೂರು ಕೊಡಿ. ಮಲಯಾಳ ಬರೆಯಲು ಬಾರದೆಂದು ಹಿಂಜರಿಯಬೇಡಿ: ಕೇರಳದ 1969ರ ಅಧಿಕೃತ ಭಾಷಾ ಕಾನೂನಿನಂತೆ ಕನ್ನಡ ಅಲ್ಪಸಂಖ್ಯಾತರಾದ ನಾವು ಇಲ್ಲಿನ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು.

ಚರ್ಚೆಗೆ:
1. ನಮ್ಮ ವಾಳೆಯಲ್ಲಿ ಯಾರು ಗೋದಾಮು, ಅಂಗಡಿಗಳಲ್ಲಿ ದುಡಿಯುತ್ತಾರೆ? ಅವರಿಗೆ ಕೂರಲು ಜಾಗವಿದೆಯೇ?
2. ನಮ್ಮ ಮನೆ, ತೋಟ, ಅಂಗಡಿಯಲ್ಲಿ ದುಡಿಯುವವರಿಗೆ ನಾವೇ ಕೊಡುವ ಕೂಲಿ, ವಿರಾಮ ಹೇಗಿದೆ?
3. ಕನ್ನಡದಲ್ಲಿ ದೂರು ಬರೆಯಲು ನೆರವಾಗುವವರು ನಮ್ಮಲ್ಲಿ ಯಾರಿದ್ದಾರೆ?