ಸಿಹಿ ಗುಳಿಗಿ: ಚೀಟಿ ಓದಿ ನುಂಗಿರಿ



"ಹೋಮಿಯೋಪತಿ ಗುಳಿಗಿ ಸಕ್ಕರಿ ಇದ್ದಂಗ, ಅದರಿಂದ ಏನೂ ಆಗಂಗಿಲ್ಲ" ಅಂತ ನಮ್ಮೂರಾಗ ಹೇಳುತ್ತಾರೆ. ಈ ಮಾತು ಎಷ್ಟು ಖರೆ? ನಾನು ಓದಿ ತಿಳಿದದ್ದನ್ನು ಬರೆದಿದ್ದೇನೆ.

ಈ ಪದ್ಧತಿಯನ್ನು 1796ರಲ್ಲಿ ಆರಂಭಿಸಿದವರು ಜರ್ಮನಿಯ ವೈದ್ಯ ಹಾನೆಮನ್. ನಮ್ಮ ರಾಜ್ಯದ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯ ತೆರೆದರು.

ಔಷಧ ಮಾಡುವ ರೀತಿ: ಒಂದು ಭಾಗ ಮೂಲದ್ರವ್ಯಕ್ಕೆ 99 ಭಾಗ ಆಲ್ಕೋಹಾಲ್ ಬೆರೆಸಿ ಕುಲುಕುತ್ತಾರೆ. ಅದರಲ್ಲಿ ಒಂದು ಭಾಗ ತೆಗೆದು ಮತ್ತೆ 99 ಭಾಗ. ಹೀಗೆ 30 ಸಲ ಮಾಡಿದರೆ ಅದು "30 ಸಿ". ಅದರಲ್ಲಿ ಮೂಲದ್ರವ್ಯದ ಒಂದು ಅಣುವೂ ಉಳಿಯುವುದು ಕಷ್ಟ. ಹಾಗಾಗಿ ವಿಷದ ಭಯವಿಲ್ಲ. ಆದರೆ ಹೋಮಿಯೋಪತಿಯಿಂದ ಯಾವ ರೋಗವೂ ವಾಸಿಯಾಗುತ್ತದೆ ಎನ್ನಲು ನಂಬುವಂಥ ಪುರಾವೆ ಇಲ್ಲವೆಂದು ಆಸ್ಟ್ರೇಲಿಯಾದ ವೈದ್ಯಕೀಯ ಸಂಶೋಧನಾ ಮಂಡಳಿ 2015ರಲ್ಲಿ ಹೇಳಿತು.

ಕಡಿಮೆ ಸಲ ಬೆರೆಸಿದ್ದರೆ ಮೂಲದ್ರವ್ಯ ಉಳಿದಿರುತ್ತದೆ. ನಕ್ಸ್ ವಾಮಿಕಾ ಅಂದರೆ ಕಾಸರಕದ ಬೀಜ, ಆರ್ಸೆನಿಕಂ ಆಲ್ಬಮ್ ಅಂದರೆ ಪಾಷಾಣ! 2017ರಲ್ಲಿ ಅಮೆರಿಕದ ಔಷಧ ಇಲಾಖೆ, ಕೂಸುಗಳಿಗೆ ಹಲ್ಲು ಬರುವಾಗ ಕೊಡುವ ಕೆಲವು ಗುಳಿಗಿಗಳಲ್ಲಿ ಬೆಲ್ಲಡೋನಾ ಎಂಬ ವಿಷಗಿಡದ ಅಂಶ ಚೀಟಿಯಲ್ಲಿ ಬರೆದದ್ದಕ್ಕಿಂತ ಬಹಳ ಹೆಚ್ಚು ಇದ್ದುದನ್ನು ಕಂಡಿತು.

ನಮ್ಮ ದೇಶದಲ್ಲಿ 1940ರ ಔಷಧ ಕಾಯ್ದೆ ಇವಕ್ಕೂ ಅನ್ವಯಿಸುತ್ತದೆ. ಶೀಶೆಯ ಚೀಟಿಯಲ್ಲಿ ಇವು ಇರಲೇಬೇಕು:

1. "ಹೋಮಿಯೋಪತಿ ಔಷಧ" ಎಂಬ ಮಾತು
2. ಔಷಧದ ಹೆಸರು, ಎಷ್ಟು ಸಲ ಬೆರೆಸಿದ್ದೆಂಬ ಗುರುತು
3. ತಯಾರಕರ ಹೆಸರು, ವಿಳಾಸ
4. ಬ್ಯಾಚ್ ನಂಬರ್, ಲೈಸೆನ್ಸ್ ನಂಬರ್
5. ಆಲ್ಕೋಹಾಲ್ ಇದ್ದರೆ ಅದರ ಪ್ರಮಾಣ

ಚೀಟಿಯಿಲ್ಲದ ಶೀಶೆ ಮನಿಯೊಳಗೆ ತರಬೇಡಿ. ಹಾವು ಕಚ್ಚಿದರೆ, ಜ್ವರ ಇಳಿಯದಿದ್ದರೆ, ವಾಂತಿಭೇದಿ ಹೆಚ್ಚಾದರೆ ಗುಳಿಗಿ ನಂಬಿ ಕೂಡಬೇಡಿ. 108ಕ್ಕೆ ಫೋನ್ ಮಾಡಿ, ಸರ್ಕಾರಿ ದವಾಖಾನಿಗೆ ಹೋಗಿರಿ. ಗುಳಿಗಿ ಸಿಹಿ ಇದ್ದರೂ ತಡ ಮಾಡಿದ್ದು ಕಹಿ.